ಬೋರ್ಡು ಮಲಗುವ ಹೊತ್ತು

2024ರ ಜುಲೈ 19, ಶುಕ್ರವಾರ. ದೆಹಲಿ ವಿಮಾನ ನಿಲ್ದಾಣದಲ್ಲಿ ಪರದೆಗಳ ಕೆಲಸವನ್ನು ಒಂದು ಬಿಳಿ ಹಲಗೆ ವಹಿಸಿಕೊಂಡಿತ್ತು. ವಿಮಾನಗಳ ವಿವರವನ್ನು ಸಿಬ್ಬಂದಿ ಕೈಯಲ್ಲೇ ಬರೆಯುತ್ತಿದ್ದರು. ಬೆಂಗಳೂರಿನಲ್ಲೂ ಚೆಕ್‌ಇನ್ ಕೌಂಟರುಗಳ ಮುಂದೆ ಸಾಲು ಬೆಳೆದಿತ್ತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಆ ಬೆಳಿಗ್ಗೆ ನಮ್ಮ ಗಡಿಯಾರದಲ್ಲಿ 9.39ಕ್ಕೆ ಕಳಿಸಿದ ಒಂದು ಸಣ್ಣ ಅಪ್‌ಡೇಟ್‌ನಲ್ಲಿ ದೋಷವಿತ್ತು. 78 ನಿಮಿಷದಲ್ಲಿ ಅದನ್ನು ಹಿಂದಕ್ಕೆ ಪಡೆದರೂ, ಅಷ್ಟರೊಳಗೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತಿದ್ದವು.

ಯಂತ್ರ ತಾನಾಗಿ ಅಪ್‌ಡೇಟ್ ಆಗಲು ಬಿಡುವುದಾದರೂ ಏಕೆ ಎಂಬ ಪ್ರಶ್ನೆ ಅಂದು ಸಹಜವಾಗಿಯೇ ಎದ್ದಿತು. ನನಗೆ ಇದಕ್ಕೆ ಸರಿಯಾದ ಉತ್ತರ ಕೊಡುವುದು ಬಸ್ ನಿಲ್ದಾಣದ, ಆಸ್ಪತ್ರೆಯ, ದರ್ಶಿನಿಯ ಗೋಡೆಯ ಮೇಲಿನ ಡಿಜಿಟಲ್ ಬೋರ್ಡು. ನೀವೂ ನೋಡಿರುತ್ತೀರಿ: ಟೋಕನ್ ಸಂಖ್ಯೆ ಕಾಣಬೇಕಾದ ಜಾಗದಲ್ಲಿ ‘ಹೊಸ ಆವೃತ್ತಿ ಲಭ್ಯವಿದೆ’ ಎಂಬ ಚೌಕ, ಕೆಳಗೆ ಎರಡು ಗುಂಡಿ. ಒತ್ತಲು ಮೌಸ್ ಇಲ್ಲ, ಪರದೆ ಹತ್ತಡಿ ಎತ್ತರದಲ್ಲಿದೆ. ರೋಗಿಯ ಕಡೆಯವರು ತಮ್ಮ ಸರದಿ ಬಂತೋ ಇಲ್ಲವೋ ತಿಳಿಯದೆ ಕತ್ತೆತ್ತಿ ಕೂತಿರುತ್ತಾರೆ. ಬೋರ್ಡಿನ ಮುಂದೆ ಜನ ಇದ್ದೇ ಇರುತ್ತಾರೆ, ‘ಓಕೆ’ ಒತ್ತುವವರು ಮಾತ್ರ ಯಾರೂ ಇಲ್ಲ. ತಾನಾಗಿ ಆಗುವ ಅಪ್‌ಡೇಟ್‌ನ ಇಡೀ ಕಥೆ ಆ ಒಂದು ಬೆರಳಿಗೆ ಬದಲಿ ಹುಡುಕಿದ ಕಥೆ.

ರೈಲು ನಿಲ್ದಾಣದ ಕಪ್ಪು ಹಲಗೆಗೆ ಸೀಮೆಸುಣ್ಣ ಹಿಡಿದ ಕೈಯೇ ಅಪ್‌ಡೇಟ್ ಆಗಿತ್ತು. ಇಟಲಿಯ ಉದಿನೆಯ ಸೊಲಾರಿ ಕಂಪನಿ 1956ರಲ್ಲಿ ಬೆಲ್ಜಿಯಂನ ಲಿಯೇಜ್ ನಿಲ್ದಾಣಕ್ಕೆ ಪಟಪಟನೆ ಮಗುಚುವ ಹಾಳೆಗಳ ಬೋರ್ಡು ಕೊಟ್ಟ ಮೇಲೆ ದೂರದಿಂದಲೇ ಅಕ್ಷರ ಬದಲಿಸುವುದು ಸಾಧ್ಯವಾಯಿತು. ಆಮೇಲೆ ಟಿವಿ ಬಂತು, ಅದರ ಬೆನ್ನಿಗೆ ಪೆನ್‌ಡ್ರೈವ್. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಓಡಾಡಿ, ಏಣಿ ಹತ್ತಿ ಇಳಿದ ಹುಡುಗರ ದುಡಿಮೆಯ ಮೇಲೆ ಈ ಉದ್ಯಮ ಬಹುಕಾಲ ನಿಂತಿತ್ತು.

ಟಿವಿಯ ಹಿಂದೆ ಇಂಟರ್ನೆಟ್ಟಿಗೆ ಸೇರಿದ ಆಂಡ್ರಾಯ್ಡ್ ಬಾಕ್ಸ್ ಕೂತಾಗ ಚಿತ್ರ, ವಿಡಿಯೊ ತಾನಾಗಿ ಬರತೊಡಗಿದವು. ಆದರೆ ಅವನ್ನು ತೋರಿಸುವ ಆ್ಯಪ್ ಹಳೆಯದೇ ಉಳಿಯಿತು. ತಿಂಡಿಯ ದರ ಬದಲಿಸುವುದು ಸುಲಭ, ದರ ತೋರಿಸುವ ಆ್ಯಪ್ ತನ್ನನ್ನೇ ಬದಲಿಸಿಕೊಳ್ಳುವುದು ನಿಂತ ನೆಲವನ್ನೇ ಅಗೆದಂತೆ.

ಫೋನಿನಲ್ಲಿ ಇದಕ್ಕೆ ಪರಿಹಾರ ಬೇಗ ಸಿಕ್ಕಿತ್ತು. 2010ರ ಆಂಡ್ರಾಯ್ಡ್ 2.2 ಕಾಲಕ್ಕೇ ಆ್ಯಪ್‌ಗಳು ತಾವಾಗಿ ಅಪ್‌ಡೇಟ್ ಆಗುವ ಅನುಕೂಲ ಬಂತು. ಇಂದಿನ ಪ್ಲೇ ಸ್ಟೋರ್ ಸಾಮಾನ್ಯವಾಗಿ ನಾಲ್ಕು ಷರತ್ತು ನೋಡುತ್ತದೆ: ವೈಫೈ ಇರಬೇಕು, ಚಾರ್ಜ್ ಆಗುತ್ತಿರಬೇಕು, ಸಾಧನವನ್ನು ಯಾರೂ ಬಳಸುತ್ತಿರಬಾರದು, ಅಪ್‌ಡೇಟ್ ಆಗಬೇಕಾದ ಆ್ಯಪ್ ಪರದೆಯ ಮೇಲೆ ತೆರೆದಿರಬಾರದು. ರಾತ್ರಿ ತಲೆದಿಂಬಿನ ಪಕ್ಕ ಚಾರ್ಜಿಗಿಟ್ಟ ಫೋನನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ನಿಯಮ ಬರೆದಂತಿದೆ. ಬೋರ್ಡಿಗೆ ಕರೆಂಟಿನ ಕೊರತೆಯಿಲ್ಲ, ಮುಟ್ಟುವವರೂ ಇಲ್ಲ. ತೊಡಕು ನಾಲ್ಕನೆಯದರಲ್ಲಿ. ಬೋರ್ಡಿನ ಆ್ಯಪ್ ಸದಾ ಪರದೆಯ ಮೇಲೆ ತೆರೆದಿರಲೆಂದೇ ಹುಟ್ಟಿದ್ದು! ತನ್ನ ಕೆಲಸ ನಿಷ್ಠೆಯಿಂದ ಮಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅದರ ಸರದಿ ಬರುತ್ತಲೇ ಇರಲಿಲ್ಲ.

ದಾರಿ ತೆರೆದದ್ದು 2014ರ ಆಂಡ್ರಾಯ್ಡ್ 5ರಿಂದ. ಇಡೀ ಸಾಧನದ ಒಡೆತನವನ್ನು ನಿರ್ವಹಣೆಯ ಆ್ಯಪ್ ಒಂದಕ್ಕೆ ವಹಿಸುವ, ಪರದೆಯನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುವ ವ್ಯವಸ್ಥೆ ಆಗ ಬಂತು. ಮುಂದಿನ ವರ್ಷದ ಆಂಡ್ರಾಯ್ಡ್ 6ರಲ್ಲಿ, ಹಾಗೆ ಒಡೆತನ ಪಡೆದ ಆ್ಯಪ್ ಯಾರ ಒಪ್ಪಿಗೆಗೂ ಕಾಯದೆ ಬೇರೆ ಆ್ಯಪ್‌ಗಳನ್ನು ಹಾಕಬಹುದಾಯಿತು. ಬದಲಿ ಬೆರಳು ಕೊನೆಗೂ ಸಿಕ್ಕಿತ್ತು. ಈಗ ಹೊಸ ಬಾಕ್ಸಿನ ಸ್ವಾಗತದ ಪರದೆಯಲ್ಲಿ ಒಂದೇ ಕಡೆ ಆರು ಸಲ ತಟ್ಟಿ, ಕ್ಯೂಆರ್ ಕೋಡ್ ತೋರಿಸಿದರೆ ಈ ಒಡೆತನ ವರ್ಗವಾಗುತ್ತದೆ. ಕ್ಯಾಮೆರಾ ಇಲ್ಲದ ಬಾಕ್ಸಿಗೆ ಬೇರೆ ದಾರಿಗಳಿವೆ.

ಉಳಿದದ್ದು ಹೊತ್ತಿನ ಪ್ರಶ್ನೆ. ಗೂಗಲ್‌ನ ನಿರ್ವಹಣಾ ವ್ಯವಸ್ಥೆಯಲ್ಲಿ ಬೋರ್ಡಿಗೆ ದಿನಕ್ಕೊಂದು ಬಿಡುವಿನ ಅವಧಿ ಗೊತ್ತುಮಾಡಬಹುದು. ಅದನ್ನು ನಡುರಾತ್ರಿಯಿಂದ ನಿಮಿಷಗಳಲ್ಲಿ ಎಣಿಸುತ್ತಾರೆ: 120 ಎಂದರೆ ಎರಡು ಗಂಟೆ. ಅರ್ಧ ಗಂಟೆಗಿಂತ ಕಡಿಮೆ ಕೊಟ್ಟರೆ ವ್ಯವಸ್ಥೆಯೇ ಅದನ್ನು ಅರ್ಧ ಗಂಟೆಗೆ ಹಿಗ್ಗಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಮಾತ್ರ ನಾಲ್ಕನೆಯ ಷರತ್ತು ಸಡಿಲ. ಎಂದೂ ಮಲಗದ ಬೋರ್ಡಿಗೆ ಕೊಟ್ಟ ನಿದ್ದೆಯ ವೇಳೆ ಇದು. ನನ್ನ ಮಟ್ಟಿಗೆ ಈ ಇಡೀ ಪಯಣದಲ್ಲಿ ಅತಿ ಜಾಣ ಹೆಜ್ಜೆ ಇದೇ.

ಆದರೆ ನಿದ್ದೆಯಿಂದ ಏಳಿಸುವುದೂ ಒಂದು ಕೆಲಸ. ಅಪ್‌ಡೇಟ್ ಆಗುವಾಗ ಹಳೆಯ ಆ್ಯಪ್ ಮುಚ್ಚಿಹೋಗುತ್ತದೆ, ಹೊಸದು ತಾನಾಗಿ ತೆರೆಯುವುದಿಲ್ಲ. ಮೊದಲೆಲ್ಲ ‘ನಿನ್ನನ್ನು ಬದಲಿಸಿದ್ದಾಗಿದೆ’ ಎಂದು ಸಿಸ್ಟಂ ಕಳಿಸುವ ಸಂದೇಶ ಹಿಡಿದು ಆ್ಯಪ್ ಎದ್ದು ಕೂರುತ್ತಿತ್ತು. 2019ರ ಆಂಡ್ರಾಯ್ಡ್ 10, ಹಿನ್ನೆಲೆಯಲ್ಲಿರುವ ಆ್ಯಪ್‌ಗಳು ದಿಢೀರನೆ ಪರದೆಗೆ ನುಗ್ಗುವುದಕ್ಕೆ ತಡೆ ಹಾಕಿತು. ಫೋನ್ ಬಳಸುವವರಿಗೆ ಅದು ಒಳ್ಳೆಯದೇ, ಬೋರ್ಡಿನವರಿಗೆ ಮಾತ್ರ ಕಷ್ಟವಾಯಿತು. ಹೀಗಾಗಿ ಬೋರ್ಡಿನ ಆ್ಯಪ್ಪನ್ನೇ ಸಾಧನದ ಹೋಂ ಸ್ಕ್ರೀನ್ ಆಗಿ ಕೂರಿಸುವುದು ಕ್ಷೇಮ: ಯಾವುದು ಮುಚ್ಚಿದರೂ ಬಾಕ್ಸ್ ಮರಳುವುದು ಅಲ್ಲಿಗೇ.

ಪ್ಲೇ ಸ್ಟೋರೇ ಇಲ್ಲದ ಅಗ್ಗದ ಬಾಕ್ಸುಗಳಲ್ಲಿ ಕಂಪನಿಯ ಸರ್ವರಿನಿಂದಲೇ ಹೊಸ ಆವೃತ್ತಿ ಇಳಿಸಬೇಕು. ಹಳೆಯದಕ್ಕೆ ಸಹಿ ಹಾಕಿದ ಡಿಜಿಟಲ್ ಕೀಲಿಯೇ ಹೊಸದಕ್ಕೂ ಬೇಕು. ಆ ಕೀಲಿ ಕಳೆದರೆ ಹಳೆಯದನ್ನು ತೆಗೆದುಹಾಕದೆ ಹೊಸದು ಕೂರದು. ಸಾವಿರ ಬೋರ್ಡಿದ್ದರೆ ಮತ್ತೆ ಸಾವಿರ ಏಣಿ ಹತ್ತಬೇಕಾದೀತು. ಕೀಲಿಯನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಷ್ಟೇ ಇಟ್ಟುಕೊಂಡವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಹೊಸ ಆವೃತ್ತಿಯಲ್ಲೇ ದೋಷವಿದ್ದರೆ? ಗೂಗಲ್ 2013ರಲ್ಲೇ ಪ್ಲೇ ಸ್ಟೋರಿನಲ್ಲಿ ಹಂತಹಂತದ ಬಿಡುಗಡೆ ತಂದಿತು. ಮೊದಲು ನೂರರಲ್ಲಿ ಐದು ಸಾಧನಗಳಿಗೆ, ತೊಂದರೆ ಕಾಣದಿದ್ದರೆ ಇಪ್ಪತ್ತಕ್ಕೆ, ಹೀಗೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ನಮ್ಮ ಅಡುಗೆಮನೆಯ ಎಚ್ಚರವೇ ಇದು. ಕ್ರೌಡ್‌ಸ್ಟ್ರೈಕ್‌ನ ಆ ಶುಕ್ರವಾರದ ಫೈಲಿಗೆ ಈ ಹಂತಗಳಿರಲಿಲ್ಲ. ಅಂಥ ಫೈಲುಗಳನ್ನೂ ಹಂತಹಂತವಾಗಿಯೇ ಕಳಿಸುವುದಾಗಿ ಕಂಪನಿ ಆಮೇಲೆ ಹೇಳಿತು.

ಇಷ್ಟೆಲ್ಲ ಕೂಡಿಬಂದ ಮೇಲೂ ನಮ್ಮ ಊರುಗಳಲ್ಲಿ ಒಂದು ತೊಡಕು ಉಳಿಯುತ್ತದೆ. ಅಪ್‌ಡೇಟ್‌ಗೆ ರಾತ್ರಿ ಎರಡು ಗಂಟೆ ಎಂದು ಗೊತ್ತುಮಾಡುತ್ತಾರೆ. ಅಂಗಡಿಯವರು ಹತ್ತಕ್ಕೆ ಶಟರ್ ಎಳೆಯುವ ಮುನ್ನ ಮೇನ್ ಸ್ವಿಚ್ ಆರಿಸಿಬಿಡುತ್ತಾರೆ. ಕರೆಂಟ್ ಬಿಲ್ ಕಟ್ಟುವವರು ಅವರು, ತಪ್ಪೆನ್ನಲಾಗದು. ಅಂಥ ಬೋರ್ಡಿಗೆ ಎರಡು ಗಂಟೆ ಬರುವುದೇ ಇಲ್ಲ. ಅಂಗಡಿ ಬಾಗಿಲು ತೆಗೆದು, ನೆಲ ಗುಡಿಸಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಅರ್ಧ ಗಂಟೆಯನ್ನೇ ಅದಕ್ಕೆ ಬಿಟ್ಟುಕೊಡಬೇಕು. ಮೊದಲ ಗಿರಾಕಿ ಒಳಗೆ ಕಾಲಿಡುವ ಹೊತ್ತಿಗೆ ಪರದೆ ಎದ್ದಿದ್ದರಾಯಿತು.