ಸಾಕುಪ್ರಾಣಿಗಳ ಮೂತ್ರಪಿಂಡ ರೋಗ: ಅಕ್ಯುಪಂಕ್ಚರ್ ಮತ್ತು ಸಮಗ್ರ ಆರೈಕೆ

ಸಾಕುಪ್ರಾಣಿಗಳ ಮೂತ್ರಪಿಂಡ ರೋಗದ ಸಮಗ್ರ ಆರೈಕೆಯು ನಾಯಿ ಮತ್ತು ಬೆಕ್ಕುಗಳಲ್ಲಿ ಕಂಡುಬರುವ ದೀರ್ಘಕಾಲಿಕ ಮೂತ್ರಪಿಂಡ ರೋಗಕ್ಕೆ ಪಶುವೈದ್ಯರು ನೀಡುವ ಔಷಧೋಪಚಾರದೊಡನೆ ಆಹಾರ ನಿಯಮ, ದ್ರವ ಪೂರೈಕೆ, ಅಕ್ಯುಪಂಕ್ಚರ್ ಮತ್ತು ಮನೆಯ ಶುಶ್ರೂಷೆಯನ್ನು ಒಂದುಗೂಡಿಸುವ ಕ್ರಮವಾಗಿದೆ. ಈ ರೋಗದಲ್ಲಿ ಒಮ್ಮೆ ನಾಶವಾದ ಅಂಗಾಂಶವು ಮರಳಿ ಬೆಳೆಯುವುದಿಲ್ಲ. ಆದುದರಿಂದ ಉಳಿದ ಭಾಗವನ್ನು ಕಾಪಾಡುವುದು ಮತ್ತು ಪ್ರಾಣಿಯ ಹಸಿವು, ನೆಮ್ಮದಿಗಳನ್ನು ಉಳಿಸುವುದು ಚಿಕಿತ್ಸೆಯ ಗುರಿಯಾಗಿರುತ್ತದೆ.

ರೋಗದ ಸ್ವರೂಪ

ಮೂತ್ರಪಿಂಡಗಳು ರಕ್ತವನ್ನು ಸೋಸುತ್ತವೆ, ದೇಹದ ನೀರು ಮತ್ತು ಲವಣಗಳ ಸಮತೋಲವನ್ನು ಕಾಯುತ್ತವೆ, ರಕ್ತದೊತ್ತಡವನ್ನು ನಿಯಂತ್ರಿಸುತ್ತವೆ ಮತ್ತು ಕೆಂಪು ರಕ್ತಕಣಗಳ ಉತ್ಪತ್ತಿಗೆ ಬೇಕಾದ ಹಾರ್ಮೋನನ್ನು ಸ್ರವಿಸುತ್ತವೆ. ಸೋಸುವ ಘಟಕಗಳಾದ ನೆಫ್ರಾನ್‌ಗಳ ಮೂರನೆಯ ಎರಡು ಭಾಗ ನಷ್ಟವಾದಾಗ ಮೂತ್ರ ತೆಳುವಾಗುತ್ತದೆ. ಸುಮಾರು ನಾಲ್ಕನೆಯ ಮೂರು ಭಾಗ ನಷ್ಟವಾದ ಬಳಿಕವೇ ರಕ್ತದಲ್ಲಿ ಯೂರಿಯಾ ಮತ್ತು ಕ್ರಿಯಾಟಿನಿನ್ ಪ್ರಮಾಣಗಳು ಸ್ಪಷ್ಟವಾಗಿ ಏರುತ್ತವೆ. ರೋಗವು ತಡವಾಗಿ ಪತ್ತೆಯಾಗುವುದಕ್ಕೆ ಇದೇ ಕಾರಣ. ವಯಸ್ಸಾದ ಬೆಕ್ಕುಗಳಲ್ಲಿ ಈ ರೋಗ ಬಹು ಸಾಮಾನ್ಯ.

ಕಾರಣಗಳು

ವಯಸ್ಸು ಮತ್ತು ವಂಶವಾಹಿ ದೋಷಗಳಲ್ಲದೆ ತಪ್ಪಿಸಬಹುದಾದ ಹಲವು ಕಾರಣಗಳೂ ಇವೆ. ಮೈಸೂರು ಸೇರಿದಂತೆ ಕರ್ನಾಟಕದ ಊರುಗಳಲ್ಲಿ ಗಮನಿಸಬೇಕಾದವು ಇವು:

* ಇಲಿ ಜ್ವರ: ಇಲಿ, ಹೆಗ್ಗಣಗಳ ಮೂತ್ರದಿಂದ ಕಲುಷಿತವಾದ ಮಳೆನೀರಿನ ಮೂಲಕ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ನಾಯಿಗೆ ತಗಲುತ್ತದೆ. ಇದು ಮನುಷ್ಯರಿಗೂ ಹರಡುವುದರಿಂದ ರೋಗಪೀಡಿತ ನಾಯಿಯ ಮೂತ್ರವನ್ನು ಕೈಗವಸು ಧರಿಸಿಯೇ ಶುಚಿಗೊಳಿಸಬೇಕು. ಇದಕ್ಕೆ ಲಸಿಕೆ ಲಭ್ಯವಿದೆ.
* ಉಣ್ಣೆಗಳು: ಇವು ಹರಡುವ ಎರ್ಲಿಕಿಯಾ ಸೋಂಕು ನಾಯಿಗಳ ಮೂತ್ರಪಿಂಡದ ಸೋಸುವ ಪೊರೆಗೆ ಹಾನಿ ಮಾಡಬಲ್ಲದು.
* ದ್ರಾಕ್ಷಿ ಮತ್ತು ಒಣದ್ರಾಕ್ಷಿ: ಹಬ್ಬದ ಪಾಯಸ, ಕೇಸರಿಬಾತುಗಳಲ್ಲಿರುವ ಒಣದ್ರಾಕ್ಷಿಯೂ ನಾಯಿಗಳಿಗೆ ವಿಷವಾಗಬಹುದು.
* ಲಿಲಿ ಹೂವು: ಲಿಲಿಯಂ ಜಾತಿಯ ಗಿಡದ ಎಲೆ, ಹೂವು, ಪರಾಗವೆಲ್ಲವೂ ಬೆಕ್ಕಿನ ಮೂತ್ರಪಿಂಡಗಳನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತವೆ.
* ಮನುಷ್ಯರ ನೋವುನಿವಾರಕ ಮಾತ್ರೆಗಳು: ಐಬುಪ್ರೊಫೆನ್, ಡೈಕ್ಲೊಫಿನಾಕ್ ಮೊದಲಾದವು.

ಲಕ್ಷಣ ಮತ್ತು ಪತ್ತೆ

ಹೆಚ್ಚು ನೀರು ಕುಡಿಯುವುದು, ಪದೇಪದೇ ಮೂತ್ರ ಮಾಡುವುದು, ತೂಕ ಇಳಿಯುವುದು, ಊಟ ಬಿಡುವುದು, ವಾಂತಿ, ಬಾಯಿಯ ದುರ್ವಾಸನೆ ಮತ್ತು ಮಂಕಾದ ಕೂದಲು ಮುಖ್ಯ ಲಕ್ಷಣಗಳು. ಅಂತಾರಾಷ್ಟ್ರೀಯ ಮೂತ್ರಪಿಂಡ ಆಸಕ್ತಿ ಸಂಘವು ಕ್ರಿಯಾಟಿನಿನ್ ಮತ್ತು ಎಸ್‌ಡಿಎಂಎ ಪ್ರಮಾಣಗಳನ್ನು ಆಧರಿಸಿ ರೋಗವನ್ನು 4 ಹಂತಗಳಾಗಿ ವಿಂಗಡಿಸಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಕ್ರಿಯಾಟಿನಿನ್ 5 ಮಿಲಿಗ್ರಾಂ ಮೀರಿದರೆ ಅದು 4ನೆಯ ಹಂತ. ಮೂತ್ರದಲ್ಲಿನ ಪ್ರೋಟೀನ್ ಮತ್ತು ರಕ್ತದೊತ್ತಡಗಳನ್ನೂ ಅಳೆಯಲಾಗುತ್ತದೆ.

ಮುಖ್ಯ ಚಿಕಿತ್ಸೆ

ಆಯಸ್ಸನ್ನು ಹೆಚ್ಚಿಸುವುದಕ್ಕೆ ಅತ್ಯಂತ ಬಲವಾದ ಆಧಾರವಿರುವುದು ರಂಜಕ ಕಡಿಮೆ ಇರುವ ವಿಶೇಷ ಆಹಾರಕ್ಕೆ. 2002ರಲ್ಲಿ ನಾಯಿಗಳ ಮೇಲೆ ಮತ್ತು 2006ರಲ್ಲಿ ಬೆಕ್ಕುಗಳ ಮೇಲೆ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿವೆ. ನಿರ್ಜಲೀಕರಣವಾದ ಪ್ರಾಣಿಗೆ ರಿಂಗರ್ ಲ್ಯಾಕ್ಟೇಟ್ ದ್ರಾವಣವನ್ನು ಚರ್ಮದಡಿ ನೀಡಲಾಗುತ್ತದೆ. ವೈದ್ಯರಿಂದ ಕಲಿತು ಮನೆಯವರೇ ಇದನ್ನು ಮಾಡಬಹುದು. ರಂಜಕವನ್ನು ಹಿಡಿದಿಡುವ ಔಷಧ, ವಾಂತಿ ತಡೆಯುವ ಮರೋಪಿಟೆಂಟ್, ಪ್ರೋಟೀನ್ ಸೋರಿಕೆಗೆ ಟೆಲ್ಮಿಸಾರ್ಟಾನ್, ಬೆಕ್ಕುಗಳ ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ಬಳಕೆಯಲ್ಲಿವೆ.

ಮನೆಯ ಊಟದಲ್ಲಿ ಹಾಲು, ಮೊಸರು, ರಾಗಿ, ಮೊಟ್ಟೆಯ ಹಳದಿ ಮತ್ತು ಮೂಳೆಗಳಲ್ಲಿ ರಂಜಕ ಹೆಚ್ಚು. ಬಿಳಿ ಅನ್ನ ಮತ್ತು ಮೊಟ್ಟೆಯ ಬಿಳಿಯಲ್ಲಿ ಕಡಿಮೆ. ಹೊಟ್ಟೆಗೆ ತಂಪೆಂದು ನಾಯಿಗೆ ದಿನವೂ ಹಾಕುವ ಮೊಸರನ್ನ ಅಥವಾ ರಾಗಿ ಅಂಬಲಿಯು ಈ ರೋಗದಲ್ಲಿ ಪಥ್ಯವೆನಿಸುವುದಿಲ್ಲ. ಅನ್ನವೊಂದನ್ನೇ ಹಾಕುವುದೂ ತಪ್ಪು. ವಿಶೇಷವಾಗಿ ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಅತ್ಯಗತ್ಯ. ಈರುಳ್ಳಿ, ಬೆಳ್ಳುಳ್ಳಿ ಸೇರಿದ ಸಾರನ್ನು ಎರಡಕ್ಕೂ ಕೊಡಬಾರದು.

ಅಕ್ಯುಪಂಕ್ಚರ್

ಚೀನಾದಲ್ಲಿ ಈ ಪದ್ಧತಿಯನ್ನು ಮೊದಲು ಕುದುರೆ, ದನಗಳಂಥ ದುಡಿಯುವ ಪ್ರಾಣಿಗಳಿಗೆ ಬಳಸಲಾಗುತ್ತಿತ್ತು. 1608ರ ಮಿಂಗ್ ಕಾಲದ ಅಶ್ವಚಿಕಿತ್ಸಾ ಗ್ರಂಥದಲ್ಲಿ ಇದರ ವಿವರಣೆಯಿದೆ. ನಾಯಿ, ಬೆಕ್ಕುಗಳಲ್ಲಿ ಇಂದು ಬಳಸುವ ಬಿಂದುಗಳಲ್ಲಿ ಹೆಚ್ಚಿನವು ಮಾನವ ಶರೀರದ ನಕ್ಷೆಯಿಂದ ಹೊಂದಿಸಿಕೊಂಡವು. ಅಂತಾರಾಷ್ಟ್ರೀಯ ಪಶುವೈದ್ಯಕೀಯ ಅಕ್ಯುಪಂಕ್ಚರ್ ಸಂಘವು 1974ರಲ್ಲಿ ಸ್ಥಾಪನೆಯಾಯಿತು.

ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಸೂಜಿಗಳನ್ನು ಸುಮಾರು 10ರಿಂದ 20 ನಿಮಿಷ ಚರ್ಮದಲ್ಲಿ ಇರಿಸಲಾಗುತ್ತದೆ. ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಎರಡೂ ಪಕ್ಕದ ಬಿಂದುಗಳನ್ನು ಮೂತ್ರಪಿಂಡಕ್ಕೆಂದೂ, ಹಿಂಗಾಲಿನ ಹೊರಪಕ್ಕದಲ್ಲಿ ಮೊಣಕಾಲಿನ ಕೆಳಗಿನ ಬಿಂದುವನ್ನು ವಾಂತಿ ಮತ್ತು ಹಸಿವಿಗೆಂದೂ ಆರಿಸುತ್ತಾರೆ. ಬಿಂದುವಿಗೆ ವಿಟಮಿನ್ ಬಿ12 ಚುಚ್ಚುವ ಕ್ರಮವೂ ಇದೆ.

ಇದರ ಪರಿಣಾಮದ ಬಗ್ಗೆ ಆಧಾರಗಳು ದುರ್ಬಲ. ಸಾಕುಪ್ರಾಣಿಗಳ ಅಕ್ಯುಪಂಕ್ಚರ್ ಕುರಿತ 2006ರ ಕ್ರಮಬದ್ಧ ವಿಮರ್ಶೆಯು ಯಾವುದೇ ಕಾಯಿಲೆಗೆ ಇದನ್ನು ಶಿಫಾರಸು ಮಾಡಲು ಅಥವಾ ತಿರಸ್ಕರಿಸಲು ಸಾಕಷ್ಟು ಪುರಾವೆಯಿಲ್ಲವೆಂದು ಹೇಳಿತು. ಮನುಷ್ಯರ ಮೂತ್ರಪಿಂಡ ರೋಗದ ಲಕ್ಷಣಗಳ ಕುರಿತ 2016ರ ಕೊಕ್ರೇನ್ ವಿಮರ್ಶೆಯೂ ಲಭ್ಯ ಪುರಾವೆಯ ಗುಣಮಟ್ಟ ತೀರಾ ಕಡಿಮೆಯೆಂದು ಕಂಡಿತು. ಹೀಗಾಗಿ ಓಕರಿಕೆ, ಕೀಲುನೋವುಗಳಂಥ ತೊಂದರೆಗಳ ಶಮನಕ್ಕೆ ಇದನ್ನು ಪೂರಕವಾಗಿ ಪ್ರಯತ್ನಿಸಬಹುದೇ ಹೊರತು, ದ್ರವ ಪೂರೈಕೆ ಅಥವಾ ಔಷಧವನ್ನು ನಿಲ್ಲಿಸಿ ಇದನ್ನು ಅವಲಂಬಿಸುವುದು ಅಪಾಯಕರ. ಎರ್ಲಿಕಿಯಾ ಸೋಂಕಿನಿಂದ ಪ್ಲೇಟ್‌ಲೆಟ್ ಕಡಿಮೆಯಾದ ನಾಯಿಗೆ ರಕ್ತಸ್ರಾವದ ಭಯವಿರುವುದರಿಂದ ಸೂಜಿ ಹಾಕುವ ಮುನ್ನ ರಕ್ತಪರೀಕ್ಷೆ ಅಗತ್ಯ. ಚಿಕಿತ್ಸಕರು ನೋಂದಾಯಿತ ಪಶುವೈದ್ಯರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ದೇಶೀಯ ಪರಂಪರೆ ಮತ್ತು ಮೂಲಿಕೆಗಳು

ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಪ್ರಾಚೀನವಾದುದು. ಚಾಲುಕ್ಯ ರಾಜವಂಶದ ಕೀರ್ತಿವರ್ಮನ ‘ಗೋವೈದ್ಯ’ವು 12ನೆಯ ಶತಮಾನದ ಆದಿಭಾಗದ್ದು, ಅದರ ವಿಷಯ ದನಗಳ ಚಿಕಿತ್ಸೆ. ಮೈಸೂರಿನಲ್ಲಿ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು 1908ರಲ್ಲಿ ಆರಂಭವಾಯಿತು. ಆಯುರ್ವೇದದಲ್ಲಿ ಮೂತ್ರ ವಿಕಾರಗಳಿಗೆ ಪುನರ್ನವ, ನೆಗ್ಗಿಲು ಮುಳ್ಳುಗಳ ಬಳಕೆಯುಂಟು. ಆದರೆ ಮನುಷ್ಯರಿಗೆ ಹೇಳಿದ ಪ್ರಮಾಣ ಬೆಕ್ಕು, ನಾಯಿಗಳಿಗೆ ಅನ್ವಯಿಸುವುದಿಲ್ಲ. ಮೂತ್ರವನ್ನು ಹೆಚ್ಚಿಸುವ ಮೂಲಿಕೆಯು ಈಗಾಗಲೇ ನೀರು ಕಳೆದುಕೊಳ್ಳುತ್ತಿರುವ ಪ್ರಾಣಿಯನ್ನು ಇನ್ನಷ್ಟು ಒಣಗಿಸುತ್ತದೆ. ಪಾದರಸ ಅಥವಾ ಸೀಸ ಸೇರಿದ ಔಷಧಗಳು ಮೂತ್ರಪಿಂಡಕ್ಕೇ ಹಾನಿಕರ. 1993ರಲ್ಲಿ ಬೆಲ್ಜಿಯಂನಿಂದ ವರದಿಯಾದಂತೆ, ಅರಿಸ್ಟೊಲೊಕಿಕ್ ಆಮ್ಲವಿದ್ದ ಚೀನೀ ಮೂಲಿಕೆಗಳನ್ನು ತೂಕ ಇಳಿಸಲು ಸೇವಿಸಿದವರ ಮೂತ್ರಪಿಂಡಗಳು ವಿಫಲವಾದವು.

ಕೊನೆಯ ಹಂತದ ಆರೈಕೆ

ತಿಂದ ಊಟ, ಕುಡಿದ ನೀರು, ವಾಂತಿ ಮತ್ತು ತೂಕವನ್ನು ದಿನವೂ ಬರೆದಿಟ್ಟರೆ ಯಾವ ಉಪಚಾರ ಫಲ ಕೊಡುತ್ತಿದೆಯೆಂದು ತಿಳಿಯುತ್ತದೆ. ಚಿಕಿತ್ಸೆಯ ನಡುವೆಯೂ ಪ್ರಾಣಿಯು ಊಟ ಬಿಟ್ಟು, ಏಳಲಾರದೆ, ಮನೆಯವರ ಕರೆಗೆ ಓಗೊಡದ ದಿನಗಳೇ ಹೆಚ್ಚಾದಾಗ ದಯಾಮರಣದ ವಿಚಾರವನ್ನು ವೈದ್ಯರೊಡನೆ ಚರ್ಚಿಸಬೇಕಾಗುತ್ತದೆ. ಅಲ್ಲಿಯವರೆಗೆ ಮೆತ್ತನೆಯ ಹಾಸಿಗೆ, ಕೈಗೆಟಕುವಷ್ಟು ಹತ್ತಿರದ ನೀರು, ಬೆಚ್ಚಗಿನ ಮೂಲೆ ಮತ್ತು ಪರಿಚಿತರ ಸಾನ್ನಿಧ್ಯ ಯಾವುದೇ ಹಂತದಲ್ಲಿ ನೀಡಬಹುದಾದ ಶುಶ್ರೂಷೆಗಳಾಗಿವೆ.