ತಿಂಗಳಿಗೆ 4,000 ರೂಪಾಯಿ: ಯಾವ ಮಕ್ಕಳಿಗೆ, ಹೇಗೆ?

ಅಪ್ಪ ತೀರಿಕೊಂಡಿದ್ದಾನೆ. ಅವ್ವ ಕೂಲಿಗೆ ಹೋಗ್ತಾಳೆ. ಎಂಟನೇ ಕ್ಲಾಸಿನ ಮಗ ಶಾಲೆ ಬಿಡಲೇಬೇಕಾ?

ಬೇಕಿಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಇದನ್ನ ಪೂರ್ತಿ ಕೇಳಿ.

ಮಕ್ಕಳ ರಕ್ಷಣೆಗಿರೋ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ 'ಪ್ರಾಯೋಜಕತ್ವ' ಅನ್ನೋ ನೆರವಿದೆ. ಆಯ್ಕೆಯಾದ ಮಗುವಿಗೆ ತಿಂಗಳಿಗೆ 4,000 ರೂಪಾಯಿ, 18 ವರ್ಷ ತುಂಬೋವರೆಗೂ. ಉದ್ದೇಶ ಒಂದೇ: ಬಡತನದ ಕಾರಣಕ್ಕೆ ಮಗು ಮನೆಯನ್ನೂ ಬಿಡಬಾರದು, ಶಾಲೆಯನ್ನೂ ಬಿಡಬಾರದು.

ಯಾರಿಗೆ? ತಾಯಿ ವಿಧವೆ ಅಥವಾ ಗಂಡ ಬಿಟ್ಟವರಾಗಿದ್ರೆ. ಅಪ್ಪ-ಅವ್ವ ಇಬ್ಬರೂ ಇಲ್ಲದೆ ಅಜ್ಜಿ, ಸೋದರಮಾವನ ಮನೇಲಿ ಬೆಳೀತಿದ್ರೆ. ಹೆತ್ತವರಿಗೆ ಮಾರಕ ಕಾಯಿಲೆ ಇದ್ರೆ. ಬಾಲಕಾರ್ಮಿಕರಾಗಿ ಸಿಕ್ಕಿದವರು, ಬಾಲ್ಯವಿವಾಹಕ್ಕೆ ಬಲಿಯಾದವರೂ ಸೇರ್ತಾರೆ.

ಆದಾಯದ ಮಿತಿ: ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ರೂಪಾಯಿ.

ಅರ್ಜಿ ಎಲ್ಲಿ? ಹೊಸಪೇಟೆಯಲ್ಲಿರೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಆಧಾರ್, ರೇಷನ್ ಕಾರ್ಡ್, ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಶಾಲೆಯ ವ್ಯಾಸಂಗ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್, ತೀರಿಕೊಂಡವರ ಮರಣ ಪ್ರಮಾಣ ಪತ್ರ ಜೋಡಿಸಿಟ್ಕೊಳ್ಳಿ. ಮನೆ ಪರಿಸ್ಥಿತಿ ವಿಚಾರಿಸಿದ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಮಂಜೂರು ಮಾಡುತ್ತೆ. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ. ಆದ್ರೆ ಹಾಕದೇ ಇದ್ರೆ ಖಂಡಿತ ಸಿಗಲ್ಲ. ದಲ್ಲಾಳಿಗಳಿಗೆ ಒಂದು ರೂಪಾಯಿನೂ ಕೊಡಬೇಡಿ.

18 ದಾಟಿದವರಿಗೆ? ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಜೊತೆಗೆ ಈ ಐದೂ ತಾಲ್ಲೂಕು ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದರಿಂದ, ಕಾಲೇಜು ಸೀಟಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಉಂಟು.

ನಿಮ್ಮ ಓಣಿಯಲ್ಲಿ ಇಂಥ ಮಗು ಇದ್ರೆ ಆ ಮನೆಯವರಿಗೆ ಈ ವಿಡಿಯೊ ತೋರಿಸಿ. ಅನುಮಾನ ಇದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು-ರಾತ್ರಿ ಯಾವಾಗ ಬೇಕಾದ್ರೂ.