ಬಿಳುಪು ಕ್ರೀಮಿನೊಳಗೆ ಪಾದರಸ: ನಿಷೇಧವಿದ್ದರೂ ನಿಲ್ಲದ ಮಾರಾಟ

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಆಸ್ಪತ್ರೆಯೊಂದಕ್ಕೆ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದೇ ಬಗೆಯ ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳು ಬಂದವು. ಕಾಲು ಊದಿಕೊಳ್ಳುವುದು, ಮುಖ ಬಾತುಕೊಳ್ಳುವುದು, ಮೂತ್ರದಲ್ಲಿ ನೊರೆ ಕಾಣಿಸಿಕೊಳ್ಳುವುದು ಇದರ ಲಕ್ಷಣ. ವೈದ್ಯರು ಇದನ್ನು ‘ಮೆಂಬ್ರೇನಸ್ ನೆಫ್ರೋಪತಿ’ ಎಂದು ಕರೆಯುತ್ತಾರೆ. ಬಯಾಪ್ಸಿ ಪರೀಕ್ಷೆಯಲ್ಲಿ 15 ರೋಗಿಗಳ ಮೂತ್ರಪಿಂಡದಲ್ಲಿ ‘ನೆಲ್-1’ ಎಂಬ ಅಪರೂಪದ ಪ್ರೊಟೀನ್ ಪತ್ತೆಯಾಯಿತು. ಸಾಮಾನ್ಯ ಕಾರಣಗಳು ಯಾವುವೂ ಹೊಂದಿಕೆಯಾಗದೆ ಹೋದಾಗ ವೈದ್ಯರು ರೋಗಿಗಳ ದಿನಚರಿಯನ್ನೇ ಕೆದಕಿದರು. ಆ 15 ಮಂದಿಯಲ್ಲಿ 13 ಮಂದಿ, ಕಾಯಿಲೆ ಕಾಣಿಸಿಕೊಳ್ಳುವ ಮೊದಲು ಮುಖ ಬೆಳ್ಳಗಾಗಿಸುವ ಕ್ರೀಮ್ ಬಳಸುತ್ತಿದ್ದುದಾಗಿ ಒಪ್ಪಿಕೊಂಡರು.

‘ಕಿಡ್ನಿ ಇಂಟರ್‌ನ್ಯಾಷನಲ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿ ದೇಶದ ಗಮನ ಸೆಳೆಯಿತು. ವಾಸ್ತವವಾಗಿ ಇದು ಹೊಸ ವಿಷಯವೇನಲ್ಲ. ಕೆನ್ಯಾದ ರಾಜಧಾನಿ ನೈರೋಬಿಯ ವೈದ್ಯರು 1972ರಷ್ಟು ಹಿಂದೆಯೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದೇ ಮಾತನ್ನು ಬರೆದಿದ್ದರು. ಅವರು ಪರೀಕ್ಷಿಸಿದ 60 ರೋಗಿಗಳಲ್ಲಿ 32 ಮಂದಿ ಪಾದರಸದ ಲವಣವಿದ್ದ ಬಿಳುಪು ಕ್ರೀಮ್ ಹಚ್ಚುತ್ತಿದ್ದರು. ಅರ್ಧ ಶತಮಾನ ಕಳೆದರೂ ಅದೇ ಕ್ರೀಮ್, ಅದೇ ಕಾಯಿಲೆ.

ಚರ್ಮ ಬೆಳ್ಳಗಾಗುವುದು ಹೇಗೆ?

ಪಾದರಸ ಚರ್ಮವನ್ನು ಬೆಳ್ಳಗೆ ಮಾಡುತ್ತದೆ ಎಂಬುದು ಸುಳ್ಳಲ್ಲ. ತೊಡಕಿರುವುದೇ ಇಲ್ಲಿ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದು ತಯಾರಾಗಲು ‘ಟೈರೋಸಿನೇಸ್’ ಎಂಬ ಕಿಣ್ವ ಬೇಕು. ತಾಮ್ರವನ್ನು ಆಧರಿಸಿ ಕೆಲಸ ಮಾಡುವ ಈ ಕಿಣ್ವವನ್ನು ಪಾದರಸದ ಲವಣಗಳು ತಡೆಹಿಡಿಯುತ್ತವೆ. ಕೆಲವೇ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಕಲೆಗಳು ಮಸುಕಾಗುತ್ತವೆ. ಬಳಸಿದವರು ಅಕ್ಕಪಕ್ಕದವರಿಗೂ ಹೇಳುತ್ತಾರೆ. ಈ ಕ್ರೀಮುಗಳಿಗೆ ಜಾಹೀರಾತಿನ ಅಗತ್ಯ ಅಷ್ಟಾಗಿ ಇಲ್ಲದಿರುವುದು ಇದೇ ಕಾರಣಕ್ಕೆ. ಹಚ್ಚುವುದನ್ನು ನಿಲ್ಲಿಸಿದರೆ ಮೆಲನಿನ್ ಉತ್ಪಾದನೆ ಮತ್ತೆ ಆರಂಭವಾಗಿ ಬಣ್ಣ ಮರಳುತ್ತದೆ. ಹೀಗಾಗಿ ಒಮ್ಮೆ ಹಿಡಿದವರು ಡಬ್ಬಿಯನ್ನು ಬಿಡುವುದು ಕಷ್ಟ.

ಇಂಥ ಕ್ರೀಮುಗಳಲ್ಲಿ ಬಳಸುವುದು ಥರ್ಮಾಮೀಟರಿನಲ್ಲಿ ಹೊಳೆಯುವ ದ್ರವ ಪಾದರಸವಲ್ಲ, ಅದರ ಲವಣಗಳು. ಮುಖ್ಯವಾದವು ಕ್ಯಾಲೊಮೆಲ್ ಅಂದರೆ ಮರ್ಕ್ಯುರಸ್ ಕ್ಲೋರೈಡ್ ಮತ್ತು ಅಮೋನಿಯೇಟೆಡ್ ಮರ್ಕ್ಯುರಿ. ಇವು ಬಿಳಿ ಪುಡಿಗಳಾದ್ದರಿಂದ ಕ್ರೀಮಿನಲ್ಲಿ ಬೆರೆತರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆಯುರ್ವೇದ ಬಲ್ಲವರಿಗೆ ‘ರಸಕರ್ಪೂರ’ದ ಹೆಸರು ಪರಿಚಿತ. ಅದೂ ಪಾದರಸದ ಇದೇ ಕುಲಕ್ಕೆ ಸೇರಿದ ವಸ್ತು.

ಕ್ಯಾಲೊಮೆಲ್‌ಗೆ ಕರಾಳ ಇತಿಹಾಸವೇ ಇದೆ. 20ನೇ ಶತಮಾನದ ಮೊದಲಾರ್ಧದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ಮುಂತಾದೆಡೆ ಹಲ್ಲು ಮೂಡುವ ಶಿಶುಗಳ ನೋವಿಗೆಂದು ಇದೇ ಲವಣವಿದ್ದ ಪುಡಿಯನ್ನು ಕೊಡಲಾಗುತ್ತಿತ್ತು. ಆ ಕಾಲದಲ್ಲಿ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಮಕ್ಕಳು ಸದಾ ಅಳುವ ‘ಪಿಂಕ್ ಡಿಸೀಸ್’ ಎಂಬ ಕಾಯಿಲೆ ವ್ಯಾಪಕವಾಗಿತ್ತು. ಅದರ ಮೂಲ ಯಾರಿಗೂ ತಿಳಿದಿರಲಿಲ್ಲ. 1940ರ ದಶಕದಲ್ಲಿ ಪಾದರಸದ ಸಂಬಂಧ ಬಯಲಾಯಿತು. ಪುಡಿ ಮಾರುಕಟ್ಟೆಯಿಂದ ಹೊರಬಿದ್ದ ನಂತರ ಕಾಯಿಲೆಯೂ ಬಹುತೇಕ ಮಾಯವಾಯಿತು.

ಚರ್ಮದಿಂದ ಮೂತ್ರಪಿಂಡಕ್ಕೆ

ಹಚ್ಚಿದ ಪಾದರಸ ಮುಖದಲ್ಲೇ ಉಳಿಯುವುದಿಲ್ಲ. ಚರ್ಮ ಮತ್ತು ಕೂದಲಿನ ಬುಡದ ಮೂಲಕ ರಕ್ತಕ್ಕೆ ಸೇರುತ್ತದೆ, ಹೆಚ್ಚಾಗಿ ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ. ಅಲ್ಲಿ ರಕ್ತವನ್ನು ಸೋಸುವ ಪೊರೆಗೆ ಏಟು ಬಿದ್ದಾಗ ಪ್ರೊಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ನೊರೆ ಕಾಣಿಸಿಕೊಳ್ಳುವುದು ಇದರಿಂದಲೇ. ಕೈಕಾಲು ಜೋಮು ಹಿಡಿಯುವುದು, ಕೈ ನಡುಗುವುದು, ನಿದ್ದೆಗೇಡು, ಸಿಡುಕು, ಮರೆವು ಕೂಡ ಪಾದರಸದ ಲಕ್ಷಣಗಳೇ. ಇವುಗಳನ್ನು ಮುಖಕ್ಕೆ ಹಚ್ಚುವ ಕ್ರೀಮಿನೊಂದಿಗೆ ತಾಳೆ ಹಾಕುವವರು ವಿರಳ.

ಹಚ್ಚದವರಿಗೂ ಅಪಾಯ ತಪ್ಪಿದ್ದಲ್ಲ. ಕ್ರೀಮಿನಿಂದ ಪಾದರಸ ಆವಿಯಾಗಿ ಕೋಣೆಯ ಗಾಳಿಗೆ ಸೇರುತ್ತದೆ. ಟವೆಲ್, ದಿಂಬಿನ ಗವಸು, ಬೆರಳುಗಳ ಮೂಲಕ ಮನೆಯಲ್ಲೆಲ್ಲ ಹರಡುತ್ತದೆ. ಕ್ರೀಮ್ ಬಳಸುವ ತಾಯಿಯನ್ನು ಅಪ್ಪಿಕೊಂಡು ಮಲಗುವ ಮಗುವಿನ ಮೂತ್ರದಲ್ಲೂ ಪಾದರಸ ಕಂಡುಬಂದ ಉದಾಹರಣೆಗಳಿವೆ. ಗರ್ಭಿಣಿಯರು ಮತ್ತು ಎದೆಹಾಲುಣಿಸುವವರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಿಶೇಷ ಎಚ್ಚರಿಕೆ ನೀಡಿದೆ.

ಒಂದು ಸ್ಪಷ್ಟನೆ ಅಗತ್ಯ. ನೆಲ್-1 ಕಂಡುಬಂದ ಎಲ್ಲ ಪ್ರಕರಣಗಳಿಗೂ ಕ್ರೀಮೇ ಕಾರಣವಲ್ಲ. ಕೆಲವು ಕ್ಯಾನ್ಸರ್‌ಗಳಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಪಾದರಸವಿರುವ ನಾಟಿ ಔಷಧಿಗಳಿಗೂ ಇದಕ್ಕೂ ಸಂಬಂಧವಿರುವುದನ್ನು ತಜ್ಞರು 2022ರಲ್ಲಿ ವರದಿ ಮಾಡಿದ್ದರು. ಸಮಾಧಾನದ ಸಂಗತಿಯೆಂದರೆ, ಮೂಲವನ್ನು ಬೇಗ ಪತ್ತೆಹಚ್ಚಿ ಕ್ರೀಮ್ ನಿಲ್ಲಿಸಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ನೈರೋಬಿಯಲ್ಲೂ ಕ್ರೀಮ್ ಬಳಸುತ್ತಿದ್ದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಇಳಿದಿತ್ತು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 2020ರ ಡಿಸೆಂಬರ್‌ನಲ್ಲಿ ಇವುಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂತು. ಅದರ ಪ್ರಕಾರ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಕಚ್ಚಾವಸ್ತುಗಳ ಮೂಲಕ ತಾನಾಗಿ ಸೇರಿಕೊಂಡ ಪಾದರಸವೂ 1 ಪಿಪಿಎಂ ಮೀರಬಾರದು. ಕಣ್ಣಿನ ಭಾಗಕ್ಕೆ ಬಳಸುವ ಉತ್ಪನ್ನಗಳಿಗೆ ಮಾತ್ರ, ಅವು ಕೆಡದಂತೆ ಕಾಪಾಡುವ ವಸ್ತುವಾಗಿ 70 ಪಿಪಿಎಂವರೆಗೆ ವಿನಾಯಿತಿ ನೀಡಲಾಗಿತ್ತು.

ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಒಂದು ಕಿಲೋ ಕ್ರೀಮಿನಲ್ಲಿ ಒಂದು ಮಿಲಿಗ್ರಾಂ. 30 ಗ್ರಾಮಿನ ಟ್ಯೂಬಿಗೆ ಲೆಕ್ಕ ಹಾಕಿದರೆ ಸಿಗುವುದು ಕಣ್ಣಿಗೆ ಕಾಣದ 0.03 ಮಿಲಿಗ್ರಾಂ. ಕೇರಳ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಹೆಸರಿನಲ್ಲಿ 2023ರಿಂದ ದಾಳಿಗಳನ್ನು ನಡೆಸುತ್ತಿದೆ. ವಶಪಡಿಸಿಕೊಂಡ ಕೆಲವು ಮಾದರಿಗಳಲ್ಲಿ ಪಾದರಸ ಮಿತಿಗಿಂತ ಸುಮಾರು 12,000 ಪಟ್ಟು ಅಧಿಕವಿತ್ತೆಂದು ಅಲ್ಲಿನ ಸರ್ಕಾರ 2025ರಲ್ಲಿ ತಿಳಿಸಿತು. ಅದೇ 30 ಗ್ರಾಮಿನ ಟ್ಯೂಬಿನಲ್ಲಿ 360 ಮಿಲಿಗ್ರಾಂ! ಇದು ಅಕಸ್ಮಾತ್ತಾಗಿ ಸೇರಿದ್ದಲ್ಲ, ಬಿಳುಪಿಗೆಂದೇ ಅಳೆದು ಬೆರೆಸಿದ್ದು.

ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಗೊಂದಲ ಖಚಿತ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) 2014ರ ಜನವರಿಯಲ್ಲಿ ಬಿಡುಗಡೆ ಮಾಡಿದ ಅಧ್ಯಯನದಲ್ಲಿ 32 ಫೇರ್‌ನೆಸ್ ಕ್ರೀಮುಗಳ ಪೈಕಿ 14ರಲ್ಲಿ ಪಾದರಸ ಪತ್ತೆಯಾಗಿತ್ತು. ಪ್ರಮಾಣ 0.10ರಿಂದ 1.97 ಪಿಪಿಎಂ. ಪಾದರಸ ಇರುವುದೇ ಕಾನೂನುಬಾಹಿರ ಎಂಬುದು ಸಂಸ್ಥೆಯ ವಾದವಾಗಿತ್ತು. ವಾದ ಸರಿಯೇ. ಆದರೆ ಒಂದೆರಡು ಪಿಪಿಎಂ ಇರುವ ಕ್ರೀಮನ್ನೂ ಸಾವಿರಾರು ಪಿಪಿಎಂ ಇರುವ ಡಬ್ಬಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದನ್ನು ಕಾರ್ಖಾನೆಯ ಗುಣಮಟ್ಟ ನಿಯಂತ್ರಣದಿಂದ ಸರಿಪಡಿಸಬಹುದು. ಎರಡನೆಯದಕ್ಕೆ ಬಹುತೇಕ ಕಾರ್ಖಾನೆಯ ವಿಳಾಸವೇ ಇರುವುದಿಲ್ಲ.

ಸೋರಿಕೆ ಎಲ್ಲಿ?

ಸೌಂದರ್ಯವರ್ಧಕ ತಯಾರಿಸಲು ರಾಜ್ಯ ಪ್ರಾಧಿಕಾರದ ಪರವಾನಗಿ ಬೇಕು. ಆಮದಿಗೆ ಕೇಂದ್ರದಲ್ಲಿ ನೋಂದಣಿ ಆಗಬೇಕು. ಆದರೆ ಮಾರುವುದಕ್ಕೆ, ಔಷಧ ಅಂಗಡಿಗೆ ಇರುವಂಥ ಪರವಾನಗಿಯ ಅಗತ್ಯವಿಲ್ಲ. ಫ್ಯಾನ್ಸಿ ಸ್ಟೋರ್, ಬ್ಯೂಟಿ ಪಾರ್ಲರ್, ವಾಟ್ಸ್‌ಆ್ಯಪ್ ಗುಂಪು, ಆನ್‌ಲೈನ್ ಮಳಿಗೆ ಹೀಗೆ ಎಲ್ಲಿ ಬೇಕಾದರೂ ಮಾರಬಹುದು. ವಿದೇಶದಿಂದ ಬರುವವರ ಸೂಟ್‌ಕೇಸಿನಲ್ಲೂ ಇವು ಬರುತ್ತವೆ. ಹೀಗಾಗಿ ಎಷ್ಟು ಡಬ್ಬಿ ಎಲ್ಲಿಂದ ಬಂತು, ಯಾರ ಕೈ ಸೇರಿತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ.

ಡ್ರಗ್ ಇನ್‌ಸ್ಪೆಕ್ಟರ್‌ಗಳು ಅಂಗಡಿಯಿಂದ ಮಾದರಿ ತೆಗೆದು ಸರ್ಕಾರಿ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕಲಬೆರಕೆ ಸಾಬೀತಾದರೆ ಮೂರು ವರ್ಷಗಳವರೆಗೆ ಜೈಲು, ಕನಿಷ್ಠ 50,000 ರೂಪಾಯಿ ಅಥವಾ ವಶಪಡಿಸಿಕೊಂಡ ಸರಕಿನ ಮೌಲ್ಯದ ಮೂರು ಪಟ್ಟು, ಇವುಗಳಲ್ಲಿ ಹೆಚ್ಚಿನ ಮೊತ್ತದ ದಂಡ ವಿಧಿಸಲು ಅವಕಾಶವಿದೆ. ಕಾಯ್ದೆ ಕೇಂದ್ರದ್ದಾದರೂ ಜಾರಿಯ ಹೊಣೆ ರಾಜ್ಯಗಳದು. ಕೇರಳದಲ್ಲಿ ದಾಳಿಯಾದರೆ ಸರಕು ಗಡಿ ದಾಟಿ ಮಂಗಳೂರಿಗೋ ಕೊಯಮತ್ತೂರಿಗೋ ಬರುವುದಕ್ಕೆ ತಡೆಯೇನಿದೆ? ಮಾತ್ರೆ, ಸಿರಪ್‌ಗಳ ಗುಣಮಟ್ಟ ಪರೀಕ್ಷೆಯಲ್ಲೇ ಮುಳುಗಿರುವ ಇಲಾಖೆಗಳಿಗೆ ಮುಖಕ್ಕೆ ಹಚ್ಚುವ ಕ್ರೀಮು ಆದ್ಯತೆಯ ವಿಷಯವಾಗುವುದು ರೋಗಿಗಳು ಆಸ್ಪತ್ರೆ ಸೇರಿದ ಮೇಲೆ.

ಜಾಗತಿಕ ಮಟ್ಟದಲ್ಲೂ ಪರಿಸ್ಥಿತಿ ಭಿನ್ನವಲ್ಲ. ಪಾದರಸ ನಿಯಂತ್ರಣಕ್ಕಾಗಿ 2013ರಲ್ಲಿ ರೂಪುಗೊಂಡ ಮಿನಮಾಟ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. 1 ಪಿಪಿಎಂ ಮೀರಿದ ಸೌಂದರ್ಯವರ್ಧಕಗಳನ್ನು 2020ರೊಳಗೆ ಕೈಬಿಡಬೇಕೆಂಬುದು ಮೂಲ ಷರತ್ತು. ಆದರೆ ‘ಝೀರೋ ಮರ್ಕ್ಯುರಿ ವರ್ಕಿಂಗ್ ಗ್ರೂಪ್’ 2019ರಲ್ಲಿ ಪ್ರಕಟಿಸಿದ ವರದಿಯಂತೆ, 12 ದೇಶಗಳಲ್ಲಿ ಕೊಂಡ 158 ಕ್ರೀಮುಗಳ ಪೈಕಿ 96 ಈ ಮಿತಿಯನ್ನು ಮೀರಿದ್ದವು. 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು 1 ಪಿಪಿಎಂ ಎಂಬ ಗೆರೆಯನ್ನೇ ಅಳಿಸಿ, ಪಾದರಸ ಬೆರೆಸಿದ ಎಲ್ಲ ಸೌಂದರ್ಯವರ್ಧಕಗಳನ್ನು 2025ರೊಳಗೆ ನಿಲ್ಲಿಸಲು ನಿರ್ಧರಿಸಿದವು. ನಮ್ಮ 2020ರ ನಿಯಮಾವಳಿಯಲ್ಲಿ ಕಣ್ಣಿನ ಉತ್ಪನ್ನಗಳಿಗೆ ನೀಡಿದ್ದ ವಿನಾಯಿತಿ ಈ ನಿರ್ಧಾರದೊಂದಿಗೆ ಹೊಂದುವುದಿಲ್ಲ.

ಡಬ್ಬಿ ಕೊಳ್ಳುವ ಮುನ್ನ

ಕ್ರೀಮಿನಲ್ಲಿ ಪಾದರಸವಿದೆಯೇ ಎಂದು ಬಣ್ಣ, ವಾಸನೆಯಿಂದ ಹೇಳಲಾಗದು. ಪ್ರಯೋಗಾಲಯವೇ ಹೇಳಬೇಕು. ಆದರೂ ಲೇಬಲ್ ಕೆಲವು ಸುಳಿವು ನೀಡುತ್ತದೆ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಮತ್ತು ಘಟಕಾಂಶಗಳ ಪಟ್ಟಿ ಇರಲೇಬೇಕು. ವಿದೇಶಿ ಉತ್ಪನ್ನವಾದರೆ ಆಮದುದಾರರ ವಿಳಾಸ ಹಾಗೂ ನೋಂದಣಿ ಸಂಖ್ಯೆಯೂ ಕಡ್ಡಾಯ. ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್, ಮರ್ಕ್ಯುರಿಯೊ ಎಂಬ ಪದಗಳು ಕಂಡರೆ ಅದು ಪಾದರಸವೇ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗದಂತೆ ಬಳಸಿ ಎಂಬ ಸೂಚನೆಯಿದ್ದರಂತೂ ಅನುಮಾನವೇ ಬೇಡ. ಪಾದರಸ ಚಿನ್ನಕ್ಕೆ ಅಂಟಿಕೊಂಡು ಅದನ್ನು ಬೆಳ್ಳಗಾಗಿಸುತ್ತದೆ. ಆಭರಣ ಹಾಳಾಗದಿರಲಿ ಎಂದು ಎಚ್ಚರಿಸುವ ತಯಾರಕ ಮುಖದ ಬಗ್ಗೆ ಮಾತ್ರ ಮೌನ ವಹಿಸುತ್ತಾನೆ.

ಇಂಥ ಕ್ರೀಮ್ ಬಳಸಿದವರು ಹಚ್ಚುವುದನ್ನು ಕೂಡಲೇ ನಿಲ್ಲಿಸಬೇಕು. ಮೂತ್ರದಲ್ಲಿ ಪ್ರೊಟೀನ್ ಇದೆಯೇ ಎಂಬುದನ್ನು ಸಾಮಾನ್ಯ ಲ್ಯಾಬ್‌ಗಳಲ್ಲೂ ಪರೀಕ್ಷಿಸಬಹುದು. ಪಾದರಸದ ಮಟ್ಟ ತಿಳಿಯಲು ಪ್ರತ್ಯೇಕ ಮೂತ್ರ ಪರೀಕ್ಷೆ ಬೇಕು. ಉಳಿದ ಕ್ರೀಮನ್ನು ಕಸದ ಬುಟ್ಟಿಗೆ ಹಾಕಬಾರದು, ಬಚ್ಚಲಿಗೆ ಸುರಿಯಬಾರದು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಡಬ್ಬಿಯ ಸಮೇತ ಕಟ್ಟಿ ವೈದ್ಯರ ಬಳಿಗೆ ಒಯ್ಯುವುದು ಒಳಿತು. ಕಾಯಿಲೆಯ ಮೂಲ ಪತ್ತೆಗೂ, ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ನೀಡುವುದಕ್ಕೂ ಆ ಡಬ್ಬಿಯೇ ಸಾಕ್ಷ್ಯ.